ನಮ್ಮ ಷಡ್ಡಕರ ಹೇಸಿಗೆ

ಹೇಸಿಗೆ ಪಡುವುದೂ ಒಂದು ವಿದ್ಯೆ ಎಂದರೆ ನೀವು ನಂಬುತ್ತೀರಾ? ನಂಬಬೇಡಿ, ನಾನೂ ನಂಬಿರಲಿಲ್ಲ. ಆದರೆ ಆ ಒಂದೇ ವಿದ್ಯೆಯ ಬಲದಿಂದ ಶಾಲು, ಹಾರ, ಚಪ್ಪಾಳೆ, ಊರ ಮಂದಿಯ ಗೌರವ, ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಅತ್ತೆಯ ಮನೆಯ ಕೆನೆಮೊಸರಿನ ಮೊದಲ ಸೌಟು, ಇಷ್ಟನ್ನೂ ಗಿಟ್ಟಿಸಿಕೊಂಡ ಒಬ್ಬ ಮಹಾನುಭಾವರನ್ನು ನಾನು ಬಲ್ಲೆ. ಅವರು ನನ್ನ ಷಡ್ಡಕರು. ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ದೇವದುರ್ಗದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದವರು, ಈಗ ನಿವೃತ್ತರು. ಹೇಸಿಗೆಯಿಂದ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ.

ನಾನು ರಾಯಚೂರಿನ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ಕೊಟ್ಟಿದ್ದನ್ನು ತಿನ್ನುತ್ತೇನೆ, ಜಾಗ ಸಿಕ್ಕಲ್ಲಿ ಕೂಡುತ್ತೇನೆ, ಚಹಾದಲ್ಲಿ ಇರುವೆ ಬಿದ್ದರೆ ಇರುವೆಯನ್ನು ತೆಗೆದು ಚಹಾ ಕುಡಿಯುತ್ತೇನೆ. ಇದನ್ನು ನಾನು ಸರಳತೆ ಎಂದುಕೊಂಡಿದ್ದೆ. ನನ್ನ ಹೆಂಡತಿ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಮನೆಗೆ ಅಳಿಯ ಒಬ್ಬನೇ ಇದ್ದರೆ ಅವನು ದೇವರು. ಇಬ್ಬರಿದ್ದರೆ ಒಬ್ಬ ದೇವರು, ಇನ್ನೊಬ್ಬ ಪೂಜಾರಿ. ನಮ್ಮ ಅತ್ತೆಯ ಮನೆಯಲ್ಲಿ ಮದುವೆಯಾದಂದಿನಿಂದ ಗಂಟೆ ಬಾರಿಸುತ್ತ ಬಂದವನು ನಾನು.

ಅತ್ತೆಯ ಮನೆ ಮಾನ್ವಿಯಲ್ಲಿ. ನನ್ನ ಮದುವೆಯ ನಂತರದ ಮೊದಲ ಹಬ್ಬಕ್ಕೆ ಇಬ್ಬರು ಅಳಿಯಂದಿರನ್ನೂ ಕರೆದಿದ್ದರು. ಪಡಸಾಲೆಯಲ್ಲಿ ಅಕ್ಕಪಕ್ಕ ಮಣೆ, ಮುಂದೆ ಶೇಂಗಾದ ಹೋಳಿಗೆ, ಬಟ್ಟಲಲ್ಲಿ ತುಪ್ಪ. ನಾನು ಕುಳಿತವನೇ ಕೈ ಹಚ್ಚಿದೆ. ಷಡ್ಡಕರು ಮಾತ್ರ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ತಟ್ಟೆಯ ಅಂಚನ್ನು ಕರವಸ್ತ್ರದಿಂದ ಒರೆಸಿದರು. ಆಮೇಲೆ ತುಪ್ಪದ ಬಟ್ಟಲಿನ ಹತ್ತಿರ ಮೂಗು ತಂದು ಕೇಳಿದರು:

"ಇದು ಯಾವತ್ತು ಕಾಸಿದ ತುಪ್ಪರಿ?"

"ನಿನ್ನೀದ್ರಿ ಅಳಿಯಾರ," ಎಂದರು ಅತ್ತೆ, ಬಾಗಿಲ ಮರೆಯಿಂದ.

"ನಿನ್ನೀದಾ?"

ಅಷ್ಟೇ. ಅವರು ಕಣ್ಣು ಮುಚ್ಚಿದರು. ಭುಜ ಒಮ್ಮೆ ನಡುಗಿತು. ತುಟಿಗಳ ನಡುವಿನಿಂದ "ಇಸ್ಸೀ..." ಎಂಬ ಸಣ್ಣ ನಾದ ಹೊರಟಿತು. ಮನೆಯಲ್ಲಿ ಭೂಕಂಪ! ಒಬ್ಬರು ಬೆಣ್ಣೆಗೆ ಓಡಿದರು, ಒಬ್ಬರು ಒಲೆಗೆ ಓಡಿದರು. ಹೊಸ ತುಪ್ಪ ಕಾಯಿತು, ಘಮ ಘಮ ಬಂತು. ಷಡ್ಡಕರು ಹೋಳಿಗೆಯ ಒಂದು ಚೂರನ್ನು ಮುರಿದು, ಅದ್ದಿ, ಬಾಯಿಗಿಟ್ಟುಕೊಂಡರು. ಪಡಸಾಲೆಯಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ.

"ಹೂಂ... ನಡೀತದ," ಎಂದರು ಅವರು.

ನಮ್ಮ ಅತ್ತೆಯ ಕಣ್ಣಲ್ಲಿ ನೀರು! "ಹಿರೇ ಅಳಿಯಂದಿರು ಒಪ್ಪಿದ್ರು ನೋಡವಾ!" ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದರು. ಅಷ್ಟರಲ್ಲಿ ನಾನು ನಿನ್ನೆಯ ತುಪ್ಪದಲ್ಲೇ ಒಂದರ ಮೇಲೊಂದು ಹೋಳಿಗೆ ಇಳಿಸಿ, ಪ್ರತಿ ಹೋಳಿಗೆಗೂ "ಭಾಳ ಚೊಲೊ ಆಗ್ಯಾವ್ರಿ ಅತ್ತಿ" ಎಂದು ಹೇಳಿ ಮುಗಿಸಿದ್ದೆ. ಅದಕ್ಕೆ ಅಡುಗೆಮನೆಯಿಂದ ಬಂದ ಪ್ರತಿಫಲ ಏನು ಗೊತ್ತೇ? "ಸಣ್ಣ ಅಳಿಯ ಪಾಪ, ಭಾಳ ಹಸದಿದ್ದ ಕಾಣ್ತದ."

ಆ ಹೋಳಿಗೆ ಅಂದೇ ಅರಗಿತು. ಆ ಮಾತು ಇನ್ನೂ ಅರಗಿಲ್ಲ.

ಅವರ ಹೇಸಿಗೆಗೆ ಗುರಿಯಾಗದ ವಸ್ತುವನ್ನು ಹುಡುಕುವುದು ಕಷ್ಟ. ಮೆತ್ತಗಾದ ಬಾಳೆಹಣ್ಣು, ಚಹಾದಲ್ಲಿ ತೋಯ್ದ ಬಿಸ್ಕೀಟು, ಇನ್ನೊಬ್ಬರ ಬಾಚಣಿಗೆ, ಹಸಿ ಟವಲ್ಲು. ಬಸ್ಸಿನಲ್ಲಿ ಬೆರಳನ್ನು ನಾಲಿಗೆಗೆ ಹಚ್ಚಿ ಟಿಕೇಟು ಹರಿಯುವ ಕಂಡಕ್ಟರನನ್ನು ಕಂಡರಂತೂ ಅವರಿಗೆ ಜೀವವೇ ಹೋದಂತೆ. ಆ ಟಿಕೇಟನ್ನು ಎರಡು ಉಗುರುಗಳ ತುದಿಯಲ್ಲಿ, ಚೇಳಿನ ಬಾಲ ಹಿಡಿದ ಹಾಗೆ, ದೇವದುರ್ಗದಿಂದ ರಾಯಚೂರಿನವರೆಗೂ ಹಿಡಿದುಕೊಂಡು ಬರುತ್ತಾರೆ. ನಿಂತು ಬರುವ ಪ್ರಸಂಗ ಬಂದರೂ ಬಸ್ಸಿನ ಕಂಬಿ ಮುಟ್ಟುವವರಲ್ಲ. ಹರಿಗೋಲಿನ ಮೇಲೆ ನಿಂತ ಅಂಬಿಗನಂತೆ ಕಾಲು ಅಗಲಿಸಿ, ಕೈ ಕಟ್ಟಿ ನಿಲ್ಲುತ್ತಾರೆ. ಡ್ರೈವರ್ ಬ್ರೇಕು ಹಾಕಿದ ಕೂಡಲೇ ಹೋಗಿ ಯಾರದೋ ಮೈಮೇಲೆ ಬೀಳುತ್ತಾರೆ. ಬೀಳಿಸಿಕೊಂಡವನು ಬೈಯಬೇಕೋ ಬೇಡವೋ? ಇಲ್ಲ! ಅವರ ಇಸ್ತ್ರಿ ಮಾಡಿದ ಬಿಳಿ ಅಂಗಿ ನೋಡಿ, "ಹಿರ್ಯಾರು ಕೂಡ್ರಿ, ಕೂಡ್ರಿ," ಎಂದು ತನ್ನ ಸೀಟನ್ನೇ ಬಿಟ್ಟುಕೊಡುತ್ತಾನೆ. ಅದೇ ನಾನು ಕಂಬಿಯನ್ನು ಗಟ್ಟಿಯಾಗಿ ಅಪ್ಪಿಕೊಂಡು ನಿಂತಿದ್ದಾಗ, ಒಬ್ಬ ಅಜ್ಜಿ ತನ್ನ ಕೋಳಿಬುಟ್ಟಿಯನ್ನು ನನ್ನ ಕಾಲ ಮೇಲೆ ಇಟ್ಟು, "ಜರಾ ನೋಡ್ಕೋಪಾ ತಮ್ಮಾ," ಎಂದಿದ್ದಳು.

ಅವರು ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಮಾರು ದೂರದಿಂದಲೇ ನಮಸ್ಕಾರ. ಹೊರಗಿನಿಂದ ಬಂದರೆ ಮೊಣಕೈವರೆಗೆ ತೊಳೆಯುವುದು. ಸೀನುವವರನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುವುದು. ಬೀಗರ ಗುಂಪಿನಲ್ಲಿ ನಾನು ಇದನ್ನೆಲ್ಲ ಅಭಿನಯಿಸಿ ತೋರಿಸಿ, ಎಲ್ಲರನ್ನೂ ನಗಿಸಿ, ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ. ಅದೊಂದೇ ಸುಖವಿತ್ತು ನನಗೆ. ಅದಕ್ಕೂ ಕಲ್ಲು ಬಿತ್ತು. ಕೊರೊನಾ ಬಂತು! ಟಿ.ವಿ.ಯಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು ಕುಳಿತು ನಮ್ಮ ಷಡ್ಡಕರ ದಿನಚರಿಯನ್ನೇ ಓದಿ ಹೇಳತೊಡಗಿದರು. ಜಗತ್ತಿಗೆ ಜಗತ್ತೇ ನಮ್ಮ ಷಡ್ಡಕರಾಗಿ ಕುಳಿತುಬಿಟ್ಟಿತು. ಅತ್ತೆ ಫೋನಿನಲ್ಲಿ ನನ್ನ ಹೆಂಡತಿಗೆ ಹೇಳುತ್ತಿದ್ದುದು ನನ್ನ ಕಿವಿಗೇ ಬಿತ್ತು: "ನಮ್ಮ ಹಿರೇ ಅಳಿಯಂದಿರು ಮೊದಲs ಹೇಳ್ತಿದ್ರು ಬಿಡು. ಮಹಾಪುರುಷರು ಅವರು. ನಿನ್ನ ಗಂಡಗ ಕೈ ತೊಳಕೊ ಅಂತ ಹೇಳವಾ."

ಹೇಗಿರಬೇಕು ಹೇಳಿ ನನ್ನ ಗತಿ!

ಆದರೂ ದೇವರು ದೊಡ್ಡವನು. ಒಮ್ಮೆ ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶಕ್ಕೆ ಸಿರವಾರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ತಳ್ಳುಗಾಡಿ. ಅದರ ಮುಂದೆ ಬಿಳಿ ಅಂಗಿಯ ಒಂದು ಪರಿಚಿತ ಬೆನ್ನು. ಬಾಣಲೆಯಿಂದ ಆಗಷ್ಟೇ ಎದ್ದ ಮಿರ್ಚಿ ಭಜಿಯನ್ನು ಹಳೇ ಪೇಪರಿನ ತುಂಡಿನಲ್ಲಿ ಹಿಡಿದು, ಊದಿ ಊದಿ, ಕಣ್ಣಲ್ಲಿ ನೀರು ಬರುತ್ತಿದ್ದರೂ ಬಿಡದೆ ತಿನ್ನುತ್ತಿದ್ದವರು ಯಾರು? ನಮ್ಮ ಷಡ್ಡಕರು! ನನ್ನ ಆನಂದವನ್ನು ಹೇಗೆ ವರ್ಣಿಸಲಿ? ಮೆಲ್ಲನೆ ಹಿಂದೆ ಹೋಗಿ ನಿಂತು, "ಏನ್ರಿ ಅಣ್ಣಾರ, ಹೇಸಿಗಿ ಬರಲಿಲ್ಲೇನ್ರಿ?" ಎಂದೆ.

ಅವರು ಬೆದರಲಿಲ್ಲ. ಬಾಯಲ್ಲಿದ್ದುದನ್ನು ಪೂರ್ತಿ ನುಂಗಿ, ಶಾಂತವಾಗಿ ಹೇಳಿದರು: "ಮಾಸ್ತರ್ರ, ಇದು ಕುದಿಯೋ ಎಣ್ಣ್ಯಾಗ ಮುಳುಗಿ ಎದ್ದದ. ಇದರಷ್ಟು ಸ್ವಚ್ಛ ಸ್ನಾನ ನೀವೂ ಮಾಡಿಲ್ಲ, ನಾನೂ ಮಾಡಿಲ್ಲ."

ನಾನು ಬಿಡುತ್ತೇನೆಯೇ? ಅಲ್ಲಿಂದ ಸೀದಾ ಮಾನ್ವಿಗೆ ಹೋದೆ. ಅತ್ತೆಯ ಮುಂದೆ ಕುಳಿತು, ತಳ್ಳುಗಾಡಿ, ಪೇಪರು, ಎಣ್ಣೆಯ ಬಣ್ಣ, ಸುತ್ತ ಹಾರುತ್ತಿದ್ದ ನೊಣ, ಯಾವುದನ್ನೂ ಬಿಡದೆ ವರದಿ ಒಪ್ಪಿಸಿದೆ. ನೊಣಗಳನ್ನು ಸ್ವಲ್ಪ ಹೆಚ್ಚೇ ಹಾರಿಸಿದೆ. ಅತ್ತೆ ಬಾಯಿಗೆ ಸೆರಗು ಹಚ್ಚಿಕೊಂಡು ಕೇಳಿದರು. ಕೊನೆಗೆ ಅವರ ಕಣ್ಣು ತುಂಬಿ ಬಂತು.

"ಅಯ್ಯ ಯಪ್ಪಾ, ಎಷ್ಟು ಹಸದಿದ್ರೋ ಏನೋ! ಅಂಥಾವರು ಗಾಡ್ಯಾಗಿಂದು ತಿನಬೇಕಾರ ಹೊಟ್ಟಿ ಎಷ್ಟು ಸುಟ್ಟಿರಬೇಕು! ನನ್ನ ಮಗಳು ಮನ್ಯಾಗ ಏನೂ ಮಾಡಿ ಹಾಕೂದಿಲ್ಲೇನು?"

ಆ ಸಂಜೆಯೇ ಡಬ್ಬಿ ತುಂಬ ಬೇಸನ್ ಉಂಡಿ ತಯಾರಾದವು. ದೇವದುರ್ಗಕ್ಕೆ ಹೊತ್ತುಕೊಂಡು ಹೋಗಿ ಮುಟ್ಟಿಸಿದವರು ಯಾರು ಅಂತೀರಿ? ಹೌದು. ಪೂಜಾರಿಯೇ.

ಇಷ್ಟೆಲ್ಲ ಆದರೂ ಸಹಿಸಿಕೊಂಡಿದ್ದೆ. ನನ್ನ ಹೊಟ್ಟೆಯಲ್ಲಿ ನಿಜವಾಗಿ ಬೆಂಕಿ ಬಿದ್ದದ್ದು ಅವರು ಹೇಸಿಗೆಯ ಮೇಲೆ ಭಾಷಣ ಮಾಡಿದ ದಿನ. ರಾಯಚೂರಿನಲ್ಲಿ ಸಾಹಿತ್ಯದ ಹುಚ್ಚಿನ ಕೆಲವರು ಸೇರಿ ಆಗಾಗ ಉಪನ್ಯಾಸ ಇಡಿಸುತ್ತಾರೆ. ಒಂದು ಸಲಕ್ಕೆ ಒಂದು ಪದ. 'ಪ್ರೀತಿ', 'ನೆಲ', 'ಮುಗಿಲು' ಎಲ್ಲ ಮುಗಿದು, ಆ ಸಲ 'ಹೇಸು' ಎಂಬ ಪದ ಬಂದಿತ್ತು. ಮಾತಾಡಲು ನಮ್ಮ ಷಡ್ಡಕರಿಗಿಂತ ಅರ್ಹರು ಯಾರು? ವಂದನಾರ್ಪಣೆಗೆ ನನ್ನನ್ನು ಹಾಕಿದ್ದರು. ನನ್ನ ಹೆಂಡತಿ ಮೊದಲ ಸಾಲಿನಲ್ಲಿ ಕುಳಿತಿದ್ದಳು.

ಷಡ್ಡಕರು ಮೈಕನ್ನು ಕರವಸ್ತ್ರದಿಂದ ಒರೆಸಿ, ಅದರಿಂದ ಮೊಳ ದೂರ ನಿಂತು ಶುರುಮಾಡಿದರು. ಹಳಗನ್ನಡದಲ್ಲಿ ಈ ಪದ 'ಪೇಸು' ಎಂದಿತ್ತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪಾವು ಹಾವಾಯಿತು, ಹಾಗೆಯೇ ಪೇಸು ಹೇಸಾಯಿತು. "ನಮ್ಮ ಹಿರ್ಯಾರಿಗೆ ಪಕಾರದ ಮ್ಯಾಲೇ ಹೇಸಿಗಿ ಹುಟ್ಟಿತ್ತೋ ಏನೋ!" ಎಂದರು. ಸಭೆ ನಕ್ಕಿತು. ನವರಸಗಳಲ್ಲಿ ಶೃಂಗಾರಕ್ಕೆ ಪಂಕ್ತಿಯ ಮೊದಲ ಎಲೆ. ಬೀಭತ್ಸಕ್ಕೆ ಬಾಗಿಲ ಹತ್ತಿರದ ಎಲೆ. ಅದರ ಸ್ಥಾಯಿಭಾವವೇ ಜುಗುಪ್ಸೆ. ಆದರೂ ಕವಿಗಳಿಗೆ ಅದು ಬೇಕು. ರಣರಂಗ ಮುಗಿದ ಮೇಲೆ ಹದ್ದು ನರಿಗಳು ಇಳಿದು ಬರುವಾಗ, ಗೆದ್ದ ರಾಜನಿಗೂ ತನ್ನ ಗೆಲುವಿನ ವಾಸನೆ ತಾಗಬೇಕಲ್ಲ? ವಿರಾಗಿಗಂತೂ ಅದು ಔಷಧ; ತನ್ನ ದೇಹವನ್ನೇ ಬೈದುಕೊಂಡು ಹೇಸಿ ಹೇಸಿ ಆಸೆಯನ್ನು ಕಳೆದುಕೊಳ್ಳುತ್ತಾನೆ. ಹೀಗೆಲ್ಲ ಹೇಳಿದರು. ಆಮೇಲೆ 'ಛೀ'ಗೆ ಬಂದರು. "ಎಲ್ಲಾ ಛೀ ಒಂದೇ ಅಲ್ರಿ. ಹೊಸದಾಗಿ ಲಗ್ನ ಆದ ಹುಡುಗಿ ಗಂಡಗ 'ಛೀ, ಹೋಗ್ರಿ' ಅಂದ್ರ ಅದರಾಗ ಹೇಸಿಗಿ ಎಲ್ಲ್ಯದ? ಅದು 'ಬರ್ರಿ' ಅಂತ ಅರ್ಥ!" ಸಭೆಯಲ್ಲಿ ಶಿಳ್ಳೆ! ನನ್ನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ನನಗೆ ಅವಳು ದಿನಾ 'ಛೀ' ಅನ್ನುತ್ತಾಳೆ, ಆದರೆ ನಿಘಂಟಿನ ಅರ್ಥದಲ್ಲಿ.

ಕೊನೆಗೆ ಅವರ ದನಿ ಸ್ವಲ್ಪ ಇಳಿಯಿತು. "ಹೇಸೂದು ಅಂದ್ರ ಬರೇ ಮೂಗು ಮುಚ್ಚಿಕೊಳ್ಳೂದಲ್ಲ. ಹಿಂದ ಸರಿಯೂದು. ಅದಕ್ಕs ಕವಿ ದುಷ್ಟನ್ನ ಬಯ್ಯಬೇಕಾದ್ರ 'ಕೊಲೆಗೂ ಹೇಸದವ', 'ಸುಳ್ಳಿಗೂ ಹೇಸದವ' ಅಂತಾನ. ಅಂದ್ರ ಎಲ್ಲಿ ಹಿಂದ ಸರೀಬೇಕೋ ಅಲ್ಲಿ ಸರೀಲಿಲ್ಲ ಅಂತ. ಎಲ್ಲಿ ಸರೀಬೇಕು, ಎಲ್ಲಿ ಸರೀಬಾರದು, ಅಷ್ಟು ಗೊತ್ತಾದ್ರ ಸಾಕು ಮನುಷ್ಯಾಗ." ಹೇಳಿ, ಕೈಮುಗಿದು, ಕುಳಿತುಬಿಟ್ಟರು.

ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ವಂದನೆ ಹೇಳಲು ಎದ್ದು ನಿಂತರೂ ನಿಲ್ಲಲಿಲ್ಲ. ಆಮೇಲೆ ನಿಂತಿತು, ಅಷ್ಟೊತ್ತಿಗೆ ಮಂದಿ ಉಪ್ಪಿಟ್ಟಿನ ಕಡೆ ಹೊರಟಿದ್ದರು. ಮನೆಗೆ ಬರುವಾಗ ಗಾಡಿಯ ಹಿಂದೆ ಕುಳಿತ ಹೆಂಡತಿಯದು ಒಂದೇ ರಾಗ. "ಎಷ್ಟು ಚೆಂದ ಮಾತಾಡಿದ್ರು ಮಾಮಾ! ಹೇಸಿಗಿನೂ ಹಿಂಗ ಹೇಳಬಹುದು ಅಂತ ನನಗ ಗೊತ್ತೇ ಇರಲಿಲ್ಲ. ನೀವೂ ಇಷ್ಟು ವರ್ಷ ಲೆಕ್ಕ ಕಲಿಸೀರಿ. ಒಂದಾದ್ರೂ ಹಿಂಗ ಮಾತು ಬಂದದೇನ್ರಿ ನಿಮ್ಮ ಬಾಯಾಗ?"

ಅಂದು ನಿರ್ಧರಿಸಿದೆ. ನಾನೂ ಹೇಸುತ್ತೇನೆ! ಗೌರವ ಸಿಗುವುದು ಹೇಸುವುದರಲ್ಲಿ ಎಂದಾದರೆ ನನಗೇನು ಕಷ್ಟ? ಮರುದಿನ ಬೆಳಿಗ್ಗೆ ಹೆಂಡತಿ ಮಂಡಾಳ ವಗ್ಗರಣಿ ತಂದಿಟ್ಟಳು. ತೋಯಿಸಿದ ಮಂಡಕ್ಕಿ, ಹಸಿಮೆಣಸಿನಕಾಯಿ, ಹುರಿಗಡಲೆ ಪುಡಿ, ಮೇಲೆ ಕೊತ್ತಂಬರಿ. ಬಾಯಲ್ಲಿ ನೀರು ಬಂದರೂ ನುಂಗಿಕೊಂಡು, ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ತಟ್ಟೆಯ ಬಳಿ ಮೂಗು ತಂದೆ. ಕಣ್ಣು ಮುಚ್ಚಿ, ಭುಜ ನಡುಗಿಸಿ, "ಇಸ್ಸೀ..." ಎಂದೆ. ನಾದ ಚೆನ್ನಾಗಿಯೇ ಬಂತು.

ಕಣ್ಣು ತೆರೆದಾಗ ತಟ್ಟೆ ಇರಲಿಲ್ಲ.

"ಹೇಸಿಗಿ ಬಂದ್ರ ಏಳ್ರಿ, ಸಾಲಿಗೆ ಹೊತ್ತಾತು," ಎಂದು ಅಡುಗೆಮನೆಯಿಂದ ದನಿ ಬಂತು. ಅಂದು ಹಸಿದ ಹೊಟ್ಟೆಯಲ್ಲಿ ಹತ್ತನೇ ತರಗತಿಗೆ ವೃತ್ತದ ಪಾಠ ಮಾಡಿದೆ. ಬೋರ್ಡಿನ ಮೇಲೆ ಬರೆದ ಪ್ರತಿ ವೃತ್ತವೂ ಹೋಳಿಗೆಯಂತೆ ಕಂಡಿತು.

ಒಂದೇ ಒಂದು ಕಡೆ ಮಾತ್ರ ನಾನು ಅವರಿಗಿಂತ ಮೇಲಿದ್ದೆ. ಅವರಿಗೆ ಒಬ್ಬಳೇ ಮಗಳು, ಗೌರಿ. ನಮಗೆ ಗಂಡುಮಕ್ಕಳು, ಹೀಗಾಗಿ ಆ ಹುಡುಗಿ ಎಂದರೆ ನನಗೆ ಜೀವ. ಚಿಕ್ಕವಳಿದ್ದಾಗ ನಾನು ದೇವದುರ್ಗಕ್ಕೆ ಹೋದರೆ ಸಾಕು, "ಕಾಕಾ ಬಂದ!" ಎಂದು ಓಡಿ ಬಂದು ಹೆಗಲೇರುತ್ತಿದ್ದಳು. ಅರ್ಧ ತಿಂದ ಪೇರಲಕಾಯಿಯನ್ನು ನನ್ನ ಬಾಯಿಗೆ ತುರುಕುತ್ತಿದ್ದಳು, ನಾನು ತಿನ್ನುತ್ತಿದ್ದೆ. ಷಡ್ಡಕರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಇವರಿಗೆ ಇದನ್ನು ಕಂಡರೂ ಹೇಸಿಗೆ ಎಂದು ನಾನು ಬೇಕೆಂದೇ ಇನ್ನೊಂದು ಕಡಿತ ಕಚ್ಚುತ್ತಿದ್ದೆ.

ಗೌರಿಯನ್ನು ಮಟಮಾರಿಗೆ ಕೊಟ್ಟಿದ್ದಾರೆ. ಈ ವರ್ಷ ಚೊಚ್ಚಿಲ ಬಾಣಂತನ. ತವರುಮನೆ ದೇವದುರ್ಗವಾದರೂ, ಅವಳ ಬಿ.ಪಿ. ನೋಡಿದ ಡಾಕ್ಟರು ಹೆರಿಗೆಯ ಮುಂಚೆ ಮತ್ತು ನಂತರ ಸ್ವಲ್ಪ ದಿನ ಆಸ್ಪತ್ರೆಗೆ ಹತ್ತಿರ ಇರಬೇಕು ಎಂದರು. ಹಾಗಾಗಿ ಬಾಣಂತನ ರಾಯಚೂರಿನ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ನನ್ನ ಹೆಂಡತಿ ಮತ್ತು ಅವಳ ಅಕ್ಕ ಇಬ್ಬರೂ ಸೊಂಟ ಕಟ್ಟಿ ನಿಂತರು. ಹೆಣ್ಣು ಕೂಸು ಹುಟ್ಟಿತು. ಅಂಗೈಯಷ್ಟು ಮುಖ, ಆ ಮುಖದ ತುಂಬ ಬಾಯಿ. ಅಳು ಶುರುಮಾಡಿದರೆ ಪಕ್ಕದ ಓಣಿಯವರೂ ತೊಟ್ಟಿಲು ತೂಗಬೇಕು!

ಈಗ ನನ್ನ ರಾಜ್ಯಭಾರ ನೋಡಬೇಕಿತ್ತು ನೀವು. ಶಾಲೆಯಿಂದ ಬಂದವನೇ ಕೈಕಾಲು ತೊಳೆದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂಡುತ್ತಿದ್ದೆ. ಷಡ್ಡಕರು ವಾರಕ್ಕೊಮ್ಮೆ, ಐತವಾರದ ರಜೆಯ ದಿನ, ದೇವದುರ್ಗದಿಂದ ಬರುತ್ತಿದ್ದರು. ಬಂದು ಕೋಣೆಯ ಹೊಸ್ತಿಲಾಚೆ ನಿಲ್ಲುತ್ತಿದ್ದರು. "ಹೆಂಗದರಿ ಕೂಸು?" ಎಂದು ಯಾರನ್ನೋ ಕೇಳುತ್ತಿದ್ದರು. "ಆರಾಮ ಅದಾಳ್ರಿ ಅಪ್ಪಾರ," ಎಂದು ಗೌರಿ ಗೋಡೆ ನೋಡುತ್ತ ಹೇಳುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಒಮ್ಮೆ ಅವರು ಹಾಗೆ ನಿಂತಿದ್ದಾಗಲೇ ಕೂಸು ನನ್ನ ಪಂಚೆಯನ್ನು ತೋಯಿಸಿತು. ನಾನು ಮನೆ ಹಾರಿಹೋಗುವಂತೆ ನಕ್ಕೆ. "ನೋಡ್ರಿ ಅಣ್ಣಾರ, ಮನ್ಯಾಗs ಕೃಷ್ಣಾ ಸ್ನಾನ! ನಿಮಗ ಈ ಪುಣ್ಯ ಎಲ್ಲಿಂದ ಬರಬೇಕು!" ಎಂದೆ. ಅವರು ನಗಲಿಲ್ಲ. ಕರವಸ್ತ್ರವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

ಆ ಸಂಜೆ, "ಬರ್ರಿ ಮಾಸ್ತರ್ರ, ಸ್ವಲ್ಪ ತಿರುಗಾಡಿ ಬರೂಣು," ಎಂದು ಅವರೇ ಕರೆದರು. ಇದು ಹೊಸದು. ಮಾವಿನ ಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದೆವು. ನೀರಿನ ಕಡೆಯಿಂದ ಪಾಚಿಯ ವಾಸನೆ ಬರುತ್ತಿತ್ತು. ಅವರು ಮೂಗು ಮುಚ್ಚಲಿಲ್ಲ. ಅವರ ಲಕ್ಷ್ಯ ಬೇರೆಲ್ಲೋ ಇತ್ತು.

"ಮಾಸ್ತರ್ರ, ನಿಮ್ಮನ್ನ ಕಂಡ್ರ ನನಗ ಹೊಟ್ಟಿಕಿಚ್ಚು ಅದರಿ."

ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾವ ಮಾಸ್ತರನಾದರೂ ಬರುತ್ತಿದ್ದಾನೋ ಎಂದು. ಯಾರೂ ಇರಲಿಲ್ಲ.

"ನನ್ನ ಕಂಡೇನ್ರಿ?"

"ಹೂಂರಿ. ಇವತ್ತಿಂದಲ್ಲ ಅದು, ಭಾಳ ಹಳೇದು."

ನಿಜ ಹೇಳಲೇ? ಆ ಕ್ಷಣ ನನಗೆ ಪರಮಾನಂದವಾಯಿತು! ಇಷ್ಟು ವರ್ಷ ನಾನು ಯಾರನ್ನು ಕಂಡು ಉರಿಯುತ್ತಿದ್ದೆನೋ ಅವರು ನನ್ನನ್ನು ಕಂಡು ಉರಿಯುತ್ತಿದ್ದರು! ನನ್ನ ಬೆಂಕಿಗೆ ಎದುರು ಬೆಂಕಿ ಇತ್ತು! ಕೇಳಿಸಿಕೊಳ್ಳಲು ನನ್ನ ಹೆಂಡತಿ ಅಲ್ಲಿಲ್ಲವಲ್ಲ ಎಂದು ಮರುಗಿದೆ. ಆದರೆ ಅವರ ಮುಖ ನೋಡಿ ಆ ಆನಂದ ಅರ್ಧಕ್ಕೇ ನಿಂತಿತು.

"ಗೌರಿ ಆಗಿನ್ನೂ ತೊದಲು ಮಾತಾಡ್ತಿದ್ಲು," ಎಂದರು ಅವರು. "ಒಂದಿನ ನೆಗಡಿ ಆಗಿತ್ತು ಅಕಿಗೆ. ನಾ ಕಾಲೇಜಿನಿಂದ ಬಂದ ಕೂಡ್ಲೇ ಓಡಿ ಬಂದು ಕಾಲಿಗೆ ತೆಕ್ಕಿ ಬಿದ್ಲು. ಮಾರಿ ತುಂಬ ಸಿಂಬಳ. ನಾ... ಹಿಂದಕ್ಕ ಸರದೆ. ಬೇಕಂತ ಅಲ್ಲ ಮಾಸ್ತರ್ರ. ಮೈ ತಾನs ಸರೀತು. ಅಕಿ ಹಂಗs ನಿಂತ್ಲು. ನನ್ನ ಮಾರಿ ನೋಡಿದ್ಲು. ಅಳಲಿಲ್ಲ. ಅತ್ತಿದ್ರ ಚೊಲೊ ಇತ್ತು."

"ಸಣ್ಣ ಕೂಸುರಿ ಅಣ್ಣಾರ, ಅಕಿಗೇನು ನೆನಪು..."

"ನೆನಪಿಲ್ಲ ಅಕಿಗೆ. ಆದ್ರ ಮತ್ತ ಎಂದೂ ಓಡಿ ಬರಲಿಲ್ಲ. ನಿಮ್ಮ ಹೆಗಲ ಮ್ಯಾಲ ಕುಂತು ನಗ್ತಿದ್ಲು. ನಾ ಬಾಗಲಾಗ ನಿಂತು ನೋಡ್ತಿದ್ದೆ. ಅಕಿ ಕಚ್ಚಿದ ಹಣ್ಣು ನೀವು ತಿಂತಿದ್ರಿ. ನನ್ನ ಮಗಳು ಕಚ್ಚಿದ್ದು! ಅದನ್ನೂ ತಿನ್ನಾಕ ಆಗಲಾರದ ಹೊಟ್ಟಿ ನನಗ್ಯಾಕ ಕೊಟ್ಟಾನೋ ಅಂತ ದೇವರನ್ನ ಬೈಕೊಂಡೀನಿ."

ದಂಡೆಯ ತುದಿ ಮುಟ್ಟಿ ಹಿಂದಕ್ಕೆ ತಿರುಗಿದೆವು.

"ಆವತ್ತು ಭಾಷಣದಾಗ ಹೇಸೂದು ಅಂದ್ರ ಹಿಂದ ಸರಿಯೂದು ಅಂದೆ. ಮಂದಿ ಚಪ್ಪಾಳಿ ಹೊಡದ್ರು," ಎಂದರು. "ಆ ಅರ್ಥ ನಾ ಪುಸ್ತಕದಾಗ ಓದಿ ಹೇಳಿದ್ದಲ್ಲರಿ."

ನಾನು ಗಣಿತದವನು. ಸಮಾಧಾನಕ್ಕಿಂತ ಉತ್ತರವೇ ಬೇಗ ಹೊಳೆಯುತ್ತದೆ. ಬಾಯಿಗೆ ಬಂದದ್ದನ್ನು ಹೇಳಿದೆ. "ಬರೂ ಐತವಾರ ಕೂಸಿನ್ನ ಎತ್ತಿಕೊಳ್ರಿ ಅಣ್ಣಾರ."

"ನನ್ನ ಕೈಲೆ ಆಗ್ತದೇನ್ರಿ?"

"ಸಿರವಾರದ ಮಿರ್ಚಿ ಆಗಿಲ್ಲೇನ್ರಿ? ಕೂಸಿಗೂ ದಿನಾ ಬಿಸಿನೀರಿನ ಸ್ನಾನ ಅದ."

ಅವರು ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು.

ಮುಂದಿನ ಐತವಾರ ಮಧ್ಯಾಹ್ನ ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ. ಬಂದವರೇ ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ತೊಳೆಯತೊಡಗಿದರು. ತೊಳೆದರು, ತೊಳೆದರು, ನೀರಿನ ಟಾಕಿ ಖಾಲಿಯಾಗುವುದೋ ಎಂದು ನನ್ನ ಹೆಂಡತಿ ಎರಡು ಸಲ ಇಣುಕಿ ನೋಡಿದಳು. ಆಮೇಲೆ ಕೋಣೆಗೆ ಬಂದು, ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತು, ಒಳಗೆ ಕಾಲಿಟ್ಟರು. ಗೌರಿ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಕೂಸು ಎಂದಿನಂತೆ ನನ್ನ ತೊಡೆಯ ಮೇಲಿತ್ತು.

"ಕೊಡ್ರಿ ಮಾಸ್ತರ್ರ," ಎಂದು ಅವರು ಎರಡೂ ಕೈ ಚಾಚಿದರು.

ಕೊಟ್ಟೆ. ತೊಡೆ ಒಮ್ಮೆಲೇ ತಣ್ಣಗಾಯಿತು. ಅವರು ಕೂಸನ್ನು ಕಾಲೇಜಿನ ಹಾಜರಿಪುಸ್ತಕದಂತೆ ಎದೆಗೆ ಒತ್ತಿ ಹಿಡಿದುಕೊಂಡರು. ಕೂಸು ಅವರನ್ನು ದಿಟ್ಟಿಸಿ ನೋಡಿತು. ಮುಖ ಕಿವುಚಿತು. ಒಮ್ಮೆ ತೇಗಿತು. ಆಗಷ್ಟೇ ಕುಡಿದ ಹಾಲೆಲ್ಲ, ಒಡೆದ ಹಾಲು, ಅವರ ಅಂಗಿಯ ಮೇಲೆ ಕಾಲರಿನಿಂದ ಜೇಬಿನವರೆಗೆ ಇಳಿಯಿತು.

ಷಡ್ಡಕರ ಮುಖ ಬಿಳಿಚಿತು. ಕಣ್ಣು ಮುಚ್ಚಿಕೊಂಡರು. ಹಣೆಯ ಮೇಲೆ ಬೆವರು ಒಡೆಯಿತು. ನನಗೆ ಹೆದರಿಕೆಯಾಗಿ ಎದ್ದು ನಿಂತು ಕೈ ಚಾಚಿದೆ. "ಕೊಡ್ರಿ ಅಣ್ಣಾರ, ನಾ ಹಿಡಕೊಂತೀನಿ."

"ಬ್ಯಾಡ್ರಿ," ಎಂದರು ಅವರು, ಕಣ್ಣು ಮುಚ್ಚಿಕೊಂಡೇ. "ಇರಲಿ."

ಗೌರಿ ಇಷ್ಟೊತ್ತೂ ತಂದೆಯನ್ನೇ ನೋಡುತ್ತಿದ್ದಳು. ತಿಳುವಳಿಕೆ ಬಂದಾಗಿನಿಂದ ತಂದೆಯನ್ನು 'ಅಪ್ಪಾರ', 'ಬರ್ರಿ', 'ಹೋಗ್ರಿ' ಎಂದೇ ಕರೆದವಳು, ಮಂಚದ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು.

"ಯಪ್ಪಾ, ಹಂಗಲ್ಲ. ಕುತ್ತಿಗಿ ಹಿಂದ ಕೈ ಇಡು."

ಅವರು ಕಣ್ಣು ತೆರೆದರು. ಮೆಲ್ಲನೆ ಬಂದು ಮಗಳ ಪಕ್ಕದಲ್ಲಿ ಕುಳಿತರು.

"ಹಿಂಗೇನವಾ?"

"ಇನ್ನೂ ಸ್ವಲ್ಪ ಕೆಳಗ. ತಲಿ ಜೋಲಬಾರದು ನೋಡು." ಅವಳು ತಂದೆಯ ಕೈಯನ್ನು ಹಿಡಿದು, ಎಲ್ಲಿ ಇರಬೇಕೋ ಅಲ್ಲಿ ಇಟ್ಟಳು. ಆಮೇಲೆ ಮಗ್ಗುಲಲ್ಲಿದ್ದ ಮೆತ್ತನೆಯ ಹಳೇ ಸೀರೆಯ ತುಂಡು ತಗೊಂಡು ಮೊದಲು ಕೂಸಿನ ಬಾಯಿ ಒರೆಸಿದಳು. ಅದೇ ಬಟ್ಟೆಯನ್ನು ತಿರುವಿ ಹಿಡಿದು ತಂದೆಯ ಕೊರಳು, ಕಾಲರು, ಎದೆ ಒರೆಸತೊಡಗಿದಳು. ಅವರು ಗದ್ದವನ್ನು ಸ್ವಲ್ಪ ಮೇಲೆತ್ತಿ, ಒರೆಸಿಕೊಳ್ಳುತ್ತ ಕುಳಿತರು.